ಮುರಿದುಬಿದ್ದ ರಾಜಿಯನ್ನು ಓದುವುದು ಹೇಗೆ

ಕಲಬುರಗಿಯಲ್ಲಿ ಇಪ್ಪತ್ತೆರಡು ವರ್ಷದಿಂದ ದಸ್ತಾವೇಜು ಬರೆಯುವುದೇ ನನ್ನ ಕೆಲಸ. ಖರೀದಿ ಪತ್ರ, ಪಾಲು ಪತ್ರ, ರಾಜಿ ಪತ್ರ ಎಲ್ಲವೂ ನನ್ನ ಟೇಬಲ್ ಮೇಲೆ ಆಗುತ್ತವೆ. ಮಗಳು ಇತಿಹಾಸದಲ್ಲಿ ಎಂ.ಎ. ಓದುತ್ತಾಳೆ. ಒಂದು ರಾತ್ರಿ ನೋಟ್ಸ್ ಹಿಡಿದು ಬಂದಳು. "ಅಪ್ಪಾ, ಸ್ಕಾಟ್ಲೆಂಡಿನ 1297ರ ಇರ್ವಿನ್ ಒಪ್ಪಂದ ಮೂರು ತಿಂಗಳೂ ನಿಲ್ಲಲಿಲ್ಲ. ಇಂಥದ್ದನ್ನ ಯಾಕ ಓದ್ಬೇಕು?" ಅಂದಳು. ಅದನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು, ಇದು ನಾನು ದಿನಾ ನೋಡುವ ಕಾಗದವೇ. ನಿಂತ ರಾಜಿಗಿಂತ ಮುರಿದ ರಾಜಿ ಜಾಸ್ತಿ ಕಲಿಸುತ್ತದೆ. ಓದುವ ಕ್ರಮ ಗೊತ್ತಿರಬೇಕು ಅಷ್ಟೆ.

ಮೊದಲು ಷರತ್ತು ಓದಬೇಡಿ. ತಾರೀಕು ಓದಿ. ಆ ದಿನ ಯಾರಿಗೆ ಅವಸರ ಇತ್ತು ಅಂತ ಹುಡುಕಿ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಅಣ್ಣ ತಮ್ಮ ಇಬ್ಬರು ಬಾವಿ ನೀರಿನ ಜಗಳಕ್ಕೆ ರಾಜಿ ಪತ್ರ ಬರೆಸಲು ಬಂದಿದ್ದರು. ಅಣ್ಣ ಏನು ಕೇಳಿದರೂ ಹೂಂ ಅಂದ. ತಮ್ಮನಿಗೆ ವಾರಕ್ಕೆ ಮೂರು ದಿನ ನೀರು ಅಂದಾಗಲೂ ಹೂಂ ಅಂದ. ನಡುವೆ ಎರಡು ಸಲ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದ. ಅವನ ಹೊಲದಲ್ಲಿ ತೊಗರಿ ಕೊಯ್ಲಿಗೆ ಬಂದಿತ್ತು. ರಾಶಿ ಮುಗಿಯುವವರೆಗೆ ತಂಟೆ ಬೇಡವಾಗಿತ್ತು. ರಾಶಿ ಮುಗಿಯಿತು, ಪತ್ರವೂ ಮುಗಿಯಿತು. ನಾನು ಪತ್ರ ನೋಡಿದ್ದೆ, ಕ್ಯಾಲೆಂಡರ್ ನೋಡಿರಲಿಲ್ಲ. ಆ ತಮ್ಮನ ಮುಖ ಇವತ್ತಿಗೂ ನೆನಪಾಗುತ್ತದೆ.

ಈಗ ಇರ್ವಿನ್ನಿಗೆ ಬನ್ನಿ. ಸ್ಕಾಟ್ಲೆಂಡಿನ ರಾಜ ಮೂರನೇ ಅಲೆಕ್ಸಾಂಡರ್ 1286ರಲ್ಲಿ ಸತ್ತ. ವಾರಸುದಾರಳಾಗಿದ್ದ ಮೊಮ್ಮಗಳು 1290ರಲ್ಲಿ ತೀರಿಕೊಂಡಳು. ಗಾದಿ ಯಾರಿಗೆ ಅನ್ನುವ ತಕರಾರನ್ನು ಇಂಗ್ಲೆಂಡಿನ ರಾಜ ಮೊದಲನೇ ಎಡ್ವರ್ಡ್ ಬಗೆಹರಿಸಿದ. 1292ರಲ್ಲಿ ಜಾನ್ ಬಾಲಿಯಲ್ ರಾಜನಾದ. ನಾಲ್ಕೇ ವರ್ಷದಲ್ಲಿ ಎಡ್ವರ್ಡ್ ದಂಡೆತ್ತಿ ಬಂದು ಬಾಲಿಯಲ್‌ನನ್ನು ಇಳಿಸಿ ದೇಶವನ್ನೇ ಕಬ್ಜಾ ಮಾಡಿಕೊಂಡ. 1297ರಲ್ಲಿ ದಂಗೆ ಎದ್ದಿತು. ಗ್ಲಾಸ್ಗೋದ ಬಿಷಪ್ ರಾಬರ್ಟ್ ವಿಶರ್ಟ್, ಜೇಮ್ಸ್ ಸ್ಟೀವರ್ಡ್, ಕ್ಯಾರಿಕ್‌ನ ಅರ್ಲ್ ರಾಬರ್ಟ್ ಬ್ರೂಸ್ ಇವರೆಲ್ಲ ಎದ್ದರು. ಜುಲೈ ತಿಂಗಳಲ್ಲಿ ಇರ್ವಿನ್‌ನಲ್ಲಿ ಇಂಗ್ಲಿಷ್ ದಳಪತಿಗಳಾದ ಹೆನ್ರಿ ಪರ್ಸಿ, ರಾಬರ್ಟ್ ಕ್ಲಿಫರ್ಡ್ ಮುಂದೆ ಯುದ್ಧವಿಲ್ಲದೆ ಶರಣಾದರು.

ಅವಸರ ಯಾರಿಗಿತ್ತು? ಎಡ್ವರ್ಡ್‌ಗೆ. ಫ್ರಾನ್ಸಿನ ರಾಜನ ಮೇಲೆ ಯುದ್ಧಕ್ಕೆ ಫ್ಲಾಂಡರ್ಸ್‌ಗೆ ಹೊರಡಬೇಕಿತ್ತು. ಆಗಸ್ಟ್‌ನಲ್ಲಿ ಅವನು ಹಡಗು ಹತ್ತಿದ. ಉತ್ತರದಲ್ಲಿ ಬೆಂಕಿ ಆರಿದೆ ಅನ್ನುವ ಒಂದು ಕಾಗದ ಬೇಕಿತ್ತು. ಸ್ಕಾಟ್ ಗಣ್ಯರಿಗೆ ಬೇಕಿದ್ದದ್ದು ಬೇರೆ. ತಮ್ಮನ್ನು ಫ್ಲಾಂಡರ್ಸ್ ಯುದ್ಧಕ್ಕೆ ಎಳೆದುಕೊಂಡು ಹೋಗುತ್ತಾರೆ ಅನ್ನುವುದೇ ಅವರ ದೊಡ್ಡ ಭಯ. ಎರಡೂ ಕಡೆಗೆ ಬೇಕಿದ್ದದ್ದು ಸಮಯ. ಶಾಂತಿ ಯಾರಿಗೂ ಬೇಕಿರಲಿಲ್ಲ. ಈ ಒಂದು ಮಾತು ಹಿಡಿದರೆ ಅರ್ಧ ಓದು ಮುಗಿದಂತೆ.

ಆಮೇಲೆ ಜಾಮೀನು ನೋಡಿ. ಸಾಕ್ಷಿ ಸಹಿಗಿಂತ ಜಾಮೀನೇ ಮುಖ್ಯ. ಇರ್ವಿನ್‌ನಲ್ಲಿ ಬ್ರೂಸ್ ತನ್ನ ಮಗಳು ಮಾರ್ಜರಿಯನ್ನು ಒತ್ತೆ ಇಡಬೇಕು ಅಂತಾಯಿತು. ತೀರಾ ಎಳೆಯ ಮಗು ಅದು. ಅವಳನ್ನು ಒಪ್ಪಿಸುವವರೆಗೆ ಬಿಷಪ್, ಸ್ಟೀವರ್ಡ್, ಅಲೆಕ್ಸಾಂಡರ್ ಲಿಂಡ್ಸೆ ಮೂವರೂ ಬ್ರೂಸ್ ಪರವಾಗಿ ಜಾಮೀನು ನಿಂತರು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಜಾಮೀನು ನಿಂತವರು ಯಾರು? ಬ್ರೂಸ್ ಜೊತೆಗೇ ದಂಗೆ ಎದ್ದವರು! ಸಾಲಗಾರನಿಗೆ ಇನ್ನೊಬ್ಬ ಸಾಲಗಾರ ಜಾಮೀನು ಹಾಕಿದ ಹಾಗೆ. ನನ್ನ ಟೇಬಲ್‌ಗೆ ಇಂಥ ಕಾಗದ ಬಂದರೆ, "ಬೇರೆ ಜಾಮೀನುದಾರರನ್ನ ಕರ್ಕೊಂಡು ಬರ್ರಿ" ಅಂತ ವಾಪಸ್ ಕಳಿಸುತ್ತೇನೆ. ಮಗುವನ್ನು ಬ್ರೂಸ್ ಕೊಡಲೇ ಇಲ್ಲ. ವಿಶರ್ಟ್ ಮಾತ್ರ ರಾಕ್ಸ್‌ಬರೋ ಕೋಟೆಯಲ್ಲಿ ಸೆರೆಯಾದ. ಹಾಗಾಗಿ ಪ್ರತಿ ಷರತ್ತಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೆಯಿರಿ: ಕೊಟ್ಟರಾ? ತಾರೀಕು ಸಿಕ್ಕರೆ ಹಾಕಿ. ಸಿಗದಿದ್ದರೆ ಖಾಲಿ ಬಿಡಿ. ಕೊನೆಗೆ ಆ ಖಾಲಿ ಜಾಗಗಳನ್ನೇ ಒಂದು ಸಲ ಓದಿ.

ಇನ್ನು, ಕಾಗದದಲ್ಲಿ ಯಾರ ಹೆಸರಿಲ್ಲ ಅನ್ನುವುದು. ಹೊಸಬರು ಇದನ್ನು ಬಿಟ್ಟೇ ಬಿಡುತ್ತಾರೆ. ಪಾಲು ಪತ್ರದಲ್ಲಿ ಅಕ್ಕನ ಸಹಿ ಇಲ್ಲದಿದ್ದರೆ ನಾಳೆ ಕೋರ್ಟಿಗೆ ಹೋಗುವವಳು ಅವಳೇ ಅಲ್ವಾ? ಇರ್ವಿನ್ ಕಾಗದದಲ್ಲಿ ದಂಗೆಯ ಇನ್ನೊಬ್ಬ ಮುಂದಾಳು ವಿಲಿಯಂ ವಾಲೇಸ್ ಇಲ್ಲ. ಉತ್ತರದಲ್ಲಿ ಕೋಟೆಗಳನ್ನು ಹಿಡಿಯುತ್ತಿದ್ದ ಆಂಡ್ರ್ಯೂ ಮರ್ರಿ ಇಲ್ಲ. ಗಣ್ಯರು ಷರತ್ತುಗಳ ಮೇಲೆ ಮಾತಾಡುತ್ತಾ ದಿನ ಎಳೆಯುತ್ತಿದ್ದಾಗ ಇವರಿಬ್ಬರೂ ಜನ ಕೂಡಿಸುತ್ತಿದ್ದರು. ಎಡ್ವರ್ಡ್‌ನ ಖಜಾನೆ ಅಧಿಕಾರಿ ಹ್ಯೂ ಕ್ರೆಸಿಂಗ್‌ಹ್ಯಾಮ್‌ಗೆ ಇದು ಕಂಡಿತ್ತು. ಈ ಕಡೆ ಶಾಂತಿಯಾಗಿದ್ದರೂ ಫೋರ್ತ್ ನದಿಯ ಆಚೆ ಇರುವವರ ಮೇಲೆ ಹೋಗೋಣ ಅಂತ ಹೇಳಿದ. ಯಾರೂ ಕೇಳಲಿಲ್ಲ. 1297ರ ಸೆಪ್ಟೆಂಬರ್ 11ರಂದು ಸ್ಟರ್ಲಿಂಗ್ ಸೇತುವೆಯ ಬಳಿ ವಾಲೇಸ್, ಮರ್ರಿ ಸೇರಿ ಇಂಗ್ಲಿಷ್ ಸೇನೆಯನ್ನು ಮುರಿದರು. ಕ್ರೆಸಿಂಗ್‌ಹ್ಯಾಮ್ ಅಲ್ಲೇ ಸತ್ತ.

ಒಂದು ಕಾಗದ ಓದಿ ನಿಲ್ಲಿಸಬೇಡಿ. ಅದೇ ಪಕ್ಷಗಳ ಮುಂದಿನ ಕಾಗದ ಪಕ್ಕಕ್ಕೆ ಇಟ್ಟುಕೊಳ್ಳಿ. ಇಲ್ಲಿ ಅದು 1304ರ ಫೆಬ್ರವರಿಯ ಸ್ಟ್ರಾಥಾರ್ಡ್ ರಾಜಿ. ಈ ಸಲ ಸ್ಕಾಟ್ ಗಣ್ಯರ ಪರವಾಗಿ ಜಾನ್ ಕಾಮಿನ್ ಮುಂದೆ ನಿಂತು ಮಾತಾಡಿದ. ಇರ್ವಿನ್‌ಗಿಂತ ಗಟ್ಟಿ ಕಾಗದ ಇದು. ಜೀವ, ಜಮೀನು ಉಳಿಯಬೇಕು, ರಾಜ ಅಲೆಕ್ಸಾಂಡರ್ ಕಾಲದ ಕಾಯ್ದೆ ಪದ್ಧತಿ ಮುಂದುವರಿಯಬೇಕು ಅಂತ ಕೇಳಿಯೇ ಶರಣಾದರು. ವಾಲೇಸ್ ಹೆಸರು ಈ ಸಲ ಇದೆ, ಆದರೆ ಹೊರಗಿಡಲು. ಅವನಿಗೆ ಯಾವ ಷರತ್ತಿನ ರಕ್ಷಣೆಯೂ ಇಲ್ಲ. ಅಷ್ಟೇ ಅಲ್ಲ, ಅವನನ್ನು ಹಿಡಿದುಕೊಡಲು ಕಾಮಿನ್, ಲಿಂಡ್ಸೆ ಮೊದಲಾದವರು ಶ್ರಮಿಸಬೇಕು, ಯಾರು ಹೇಗೆ ನಡೆದುಕೊಳ್ಳುತ್ತಾರೆ ಅಂತ ರಾಜ ನೋಡುತ್ತಾನೆ ಅಂತಲೂ ಬರೆಸಿದರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಒಂದೇ ಮನೆಯವರನ್ನು ಒಬ್ಬರ ಮೇಲೊಬ್ಬರನ್ನು ಕಾವಲು ಹಾಕುವ ಸಾಲು ಅದು. ಇಂಥ ಸಾಲು ಕಂಡರೆ ಕೆಂಪು ಪೆನ್ನಿನಿಂದ ಗೆರೆ ಎಳೆಯಿರಿ. 1305ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ವಾಲೇಸ್‌ನನ್ನು ಕೊಂದರು. 1306ರ ಫೆಬ್ರವರಿಯಲ್ಲಿ ಡಂಫ್ರೀಸ್‌ನ ಚರ್ಚಿನಲ್ಲಿ ಬ್ರೂಸ್ ಕಡೆಯವರು ಕಾಮಿನ್‌ನನ್ನು ಕೊಂದರು. ಮಾರ್ಚ್ 25ಕ್ಕೆ ಬ್ರೂಸ್ ಕಿರೀಟ ಹಾಕಿಕೊಂಡ. ಸ್ಟ್ರಾಥಾರ್ಡ್ ಬಾಳಿದ್ದು ಎರಡು ವರ್ಷ.

ಅಭ್ಯಾಸಕ್ಕೆ ನಮ್ಮೂರಿನದೇ ಒಂದು ತೆಗೆದುಕೊಳ್ಳಿ. ಇದು ದಂಗೆಯದ್ದಲ್ಲ, ಎರಡು ರಾಜ್ಯಗಳ ನಡುವಿನದು. ಆದರೂ ಕ್ರಮ ಅದೇ. ಕಲಬುರಗಿಯ ಫಿರೋಜ್ ಶಾ ಬಹಮನಿ ಮತ್ತು ವಿಜಯನಗರದ ಮೊದಲನೇ ದೇವರಾಯ. ಇತಿಹಾಸಕಾರ ಫಿರಿಶ್ತಾ ಬರೆದಿರುವ ಪ್ರಕಾರ ದೇವರಾಯ ಮಗಳನ್ನು ಮದುವೆ ಮಾಡಿಕೊಟ್ಟ, ಬಂಕಾಪುರ ಕೊಟ್ಟ. ಫಿರೋಜ್ ವಾಪಸ್ ಹೊರಟಾಗ ದೇವರಾಯ ಕಳಿಸಿಕೊಡಲು ಬಂದವನು ದಂಡಿನ ಬಿಡಾರದವರೆಗೆ ಬಾರದೆ ನಡುದಾರಿಯಲ್ಲೇ ತಿರುಗಿದ. ಫಿರೋಜ್‌ಗೆ ಅದು ಚುಚ್ಚಿತು. ಮುಂದೆ ಪಾನಗಲ್ ಕೋಟೆಗಾಗಿ ಮತ್ತೆ ಯುದ್ಧವಾಗಿ ಫಿರೋಜ್ ಸೋತ. ಬೀಗರ ಮನೆಯಲ್ಲಿ ಬೀಳ್ಕೊಡುವ ರೀತಿ ಎಷ್ಟು ದೊಡ್ಡ ವಿಷಯ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಷರತ್ತಿನಲ್ಲಿ ಬರೆಯದ ಇಂಥ ನಡವಳಿಕೆಗೂ ನಿಮ್ಮ ಹಾಳೆಯಲ್ಲಿ ಒಂದು ಸಾಲು ಬಿಡಿ.

ಮಗಳು ಇದೇ ಕ್ರಮದಲ್ಲಿ ಹಾಳೆ ಮಾಡಿದಳು. ಭಾನುವಾರ ಅದನ್ನು ಹಿಡಿದು ಇಬ್ಬರೂ ಹಫ್ತ್ ಗುಂಬಜ್‌ಗೆ ಹೋದೆವು. ಫಿರೋಜ್ ಶಾನ ಗೋರಿ ಅಲ್ಲೇ ಇದೆ. ಹೊರಗಿನ ಕಲ್ಲಿನ ಮೇಲೆ ಕೂತು ಹಾಳೆ ನೋಡಿದೆ. ಮಾರ್ಜರಿ ಹೆಸರಿನ ಮುಂದೆ "ಕೊಟ್ಟರಾ?" ಅಂತ ಬರೆದು ಜಾಗ ಖಾಲಿ ಬಿಟ್ಟಿದ್ದಳು. ದೇವರಾಯನ ಮಗಳ ಮುಂದೆ "ಕೊಟ್ಟರು" ಅಂತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ಅವಳನ್ನ ಯಾರಾದರೂ ಕೇಳಿದ್ರಾ?"