ಕಾಯಿಲ್‌ಓವರ್ ಬಿಚ್ಚಿ ಟಾರ್ಷನ್ ಬಾರ್ ಹಾಕಿದ ನನ್ನ ಅನುಭವ

ಮೊನ್ನೆ ಭಾನುವಾರ ಹೊಲದ ಟ್ರ್ಯಾಕಿನಲ್ಲಿ ಗಾಡಿ ನಲವತ್ತು ಸುತ್ತು ಹೊಡೆಯಿತು. ಮುಂದಿನ ಸಸ್ಪೆನ್ಷನ್ನಿಗೆ ಟಾರ್ಷನ್ ಬಾರ್, ಅಂದರೆ ತಿರುಚಿದಾಗ ಸ್ಪ್ರಿಂಗಿನಂತೆ ದುಡಿಯುವ ಉಕ್ಕಿನ ರಾಡು ಹಾಕಿದ್ದೇನೆ. ಅದರ ಒಂದು ಬೋಲ್ಟೂ ಸಡಿಲ ಆಗಲಿಲ್ಲ. ಎರಡು ವರ್ಷದಿಂದ "ಅಂಬಾಸಿಡರ್ ಕಾಲದ ಸಾಮಾನು ಸ್ಪೋರ್ಟ್ಸ್ ಕಾರಿಗೆ ಯಾಕಪ್ಪಾ?" ಅಂತ ಕೇಳುತ್ತಿದ್ದವರೇ ನೆಲಕ್ಕೆ ಬಗ್ಗಿ ಫೋಟೊ ತೆಗೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗಾಡಿಗೆ ಪೈಪ್ ಬೆಸೆದ ಚಾಸಿ (ಚೌಕಟ್ಟು), ಎರಡು ಸೀಟು, ಸೀಟಿನ ಹಿಂದೆ ಮಾರುತಿ ಎಸ್ಟೀಮ್ ಕಾರಿನ 1298 ಸಿಸಿ ಎಂಜಿನ್. ರಸ್ತೆಗೆ ಇಳಿಸುವ ಗಾಡಿ ಅಲ್ಲ. ದಾವಣಗೆರೆಯ ಶೆಡ್ಡಿನಿಂದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಆನಗೋಡು ಕಡೆಯ ಹೊಲಕ್ಕೆ ಒಯ್ಯುತ್ತೇವೆ. ಮೆಕ್ಕೆಜೋಳ ಮುರಿದ ಮೇಲೆ ಅಲ್ಲೇ ನಮ್ಮ ಟ್ರ್ಯಾಕ್. ಎಪಿಎಂಸಿ ಹತ್ತಿರದ ವೇ ಬ್ರಿಜ್ ಮೇಲೆ ಮುಂದಿನ ಗಾಲಿ ಮಾತ್ರ ಹತ್ತಿಸಿ ತೂಗಿಸಿದಾಗ 300 ಕೆ.ಜಿ. ಆಸುಪಾಸು ಬಂತು. ಗಾಲಿ, ಹಬ್ ತೆಗೆದರೆ ಒಂದೊಂದು ಕಡೆಗೆ ಸ್ಪ್ರಿಂಗ್ ಹೊರಬೇಕಾದದ್ದು 120 ಕೆ.ಜಿ.

ಮೊದಲು ಬೈಕಿನ ಮೋನೊಶಾಕ್ (ಹಿಂದಿನ ಒಂಟಿ ಶಾಕ್ ಅಬ್ಸಾರ್ಬರ್) ಹಾಕಿದ್ದೆ. ಒಂಬತ್ತು ಸಾವಿರ ಹೋಯಿತು, ಎರಡು ವಾರದಲ್ಲಿ ಸೀಲು ಸೋರಿತು. ಆಮೇಲೆ ಎಲ್ಲರ ಮಾತು ಕೇಳಿ ಎತ್ತರ ಹೊಂದಿಸುವ ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರಿನ ಸುತ್ತಲೇ ಸುರುಳಿ ಸ್ಪ್ರಿಂಗ್ ಇರುವ) ಸೆಟ್ ತರಿಸಿದೆ. ಎಪ್ಪತ್ತು ಸಾವಿರದ ಹತ್ತಿರ. ಸಾಮಾನು ಒಳ್ಳೆಯದೇ. ಆದರೆ ನನ್ನ ಗಾಡಿಯ ಮೂತಿ ತಗ್ಗು. ಶಾಕ್ ನಿಲ್ಲಿಸಲು ಜಾಗ ಸಿಕ್ಕಿದ್ದು ಗಾಲಿಯನ್ನು ಚಾಸಿಗೆ ಹಿಡಿದಿಡುವ ಕೆಳಗಿನ ಆರ್ಮಿನ ನಡುವಿಗೆ. ಹಾಗಾಗಿ ಗಾಲಿಗೆ ಬೀಳುವ ಭಾರದ ಎರಡರಷ್ಟು ಮೇಲಿನ ಬ್ರಾಕೆಟ್ಟಿಗೆ ಬೀಳುತ್ತಿತ್ತು. ಮೂರು ಸಲ ವೆಲ್ಡಿಂಗ್ ಬಿಟ್ಟಿತು. ಪ್ರತಿ ಸಲ ಪಟ್ಟಿ ಸೇರಿಸಿದೆ, ಮೂತಿ ಭಾರ ಆಯಿತು, ಬಿರುಕು ಪಕ್ಕದ ಪೈಪಿಗೆ ಹೋಯಿತು. ಎರೆ ಮಣ್ಣಿನ ಧೂಳು ಥ್ರೆಡ್ಡಿಗೆ ಹೊಕ್ಕು, ಎತ್ತರ ಹೊಂದಿಸುವ ಕಾಲರ್ ಕಚ್ಚಿಕೊಂಡಿತು. ಕೊನೆಗೆ ಸೆಟ್ಟನ್ನು ಇಪ್ಪತ್ತೆಂಟು ಸಾವಿರಕ್ಕೆ ಮಾರಿದೆ.

ಬಿಚ್ಚಿದ ಆ ದಿನ ಗುಜರಿಯಲ್ಲಿ ಬಿದ್ದಿದ್ದ ಅಂಬಾಸಿಡರಿನ ಮುಂಭಾಗ ನೋಡುತ್ತಾ ನಿಂತಿದ್ದೆ. ಅದರ ಬಾರ್ ಆರ್ಮಿನಿಂದ ಹಿಂದಕ್ಕೆ ಉದ್ದಕ್ಕೆ ಹೋಗುತ್ತದಲ್ವಾ, ಸ್ಪ್ರಿಂಗಿನ ತಿರುಚು ಬಲವೆಲ್ಲಾ ನೆಲದ ಮಟ್ಟದಲ್ಲಿ, ಗಾಡಿಯ ಹೊಟ್ಟೆಯಲ್ಲಿ ಇಳಿಯುತ್ತದೆ. ನನ್ನ ಚಾಸಿ ಅತಿ ಗಟ್ಟಿ ಇರುವುದೂ ಅಲ್ಲೇ, ಸೀಟಿನ ಮುಂದಿನ ಅಡ್ಡಪೈಪಿನ ಹತ್ತಿರ. ಮೂತಿಗೆ ಬರೀ ಡ್ಯಾಂಪರ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಬ್ರಾಕೆಟ್ ಸಾಕು. ಹಳೇ ಸಾಮಾನು ಅನ್ನುವವರಿಗೆ ಒಂದೇ ಮಾತು: ಪೋರ್ಷೆ 911 ಕೂಡ 1989ರವರೆಗೆ ಟಾರ್ಷನ್ ಬಾರಿನ ಮೇಲೇ ಓಡಿತು.

ಎತ್ತರ ಹೊಂದಿಸಲು ಅನುಕೂಲವಾಗಲೆಂದು 911ರಲ್ಲಿ ಹಿಂದಿನ ಬಾರಿನ ಒಂದು ತುದಿಗೆ 40 ಹಲ್ಲು, ಇನ್ನೊಂದಕ್ಕೆ 44. ಒಳಗೆ ಒಂದು ಹಲ್ಲು ಮುಂದೆ, ಹೊರಗೆ ಒಂದು ಹಲ್ಲು ಹಿಂದೆ ಹಾಕಿದರೆ ಒಂದು ಡಿಗ್ರಿಗೂ ಕಡಿಮೆ ವ್ಯತ್ಯಾಸ ಸಿಗುತ್ತದೆ. ಹಾಗೇ ಮಾಡಿಸುವ ಆಸೆ ನನಗಿತ್ತು, ಹಲ್ಲು ಕತ್ತರಿಸುವವರು ಸಿಗಲಿಲ್ಲ. ಹರಿಹರದಲ್ಲಿ ಹಳೇ ಕಿರ್ಲೋಸ್ಕರ್ ಲೇಥ್ ಇಟ್ಟುಕೊಂಡಿರುವ ಯಜಮಾನರೊಬ್ಬರು ನಕ್ಷೆ ನೋಡಿ, "ಹಲ್ಲು ಬ್ಯಾಡ ತಮ್ಮಾ, ಹೆಕ್ಸ್ ಮಾಡು, ಹಿಂದೆ ಲಿವರ್ ಹಾಕಿ ಬೋಲ್ಟಿನಲ್ಲಿ ತಿರುಗಿಸು" ಎಂದರು. ದಾರಿ ಅಲ್ಲೇ ಸಿಕ್ಕಿತು. 32 ಮಿ.ಮೀ. ರಾಡು ತಂದರೆ ತುದಿಗೆ 28ರ ಹೆಕ್ಸ್ (ಆರು ಮುಖದ ತುದಿ) ಹೆಚ್ಚುಕಡಿಮೆ ಸರಿಯಾಗಿ ಕೂರುತ್ತದೆ, ನಡುವೆ 20ಕ್ಕೆ ಇಳಿಸಿದರಾಯಿತು. ಹೆಕ್ಸ್ ತೂತನ್ನು ಆಟ ಇಲ್ಲದಂತೆ ಹೇಗೆ ಮಾಡಿದೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಕ್ಕೆ ನಾಲ್ಕು ತಿಂಗಳು ಹಿಡಿದಿದೆ.

ಮೊದಲ ಜೊತೆ ಇಎನ್24 ಎಂಬ ಉಕ್ಕಿನಲ್ಲಿ ಮಾಡಿಸಿದೆ. ಹೆಕ್ಸಿನಿಂದ 20ಕ್ಕೆ ಇಳಿಯುವ ಕಡೆ ಚೂಪು ಮೂಲೆ ಬಿಟ್ಟಿದ್ದು ನನ್ನ ತಪ್ಪು. ಎರಡನೇ ಭಾನುವಾರವೇ ಪಟಾಕಿ ಹೊಡೆದ ಹಾಗೆ ಸದ್ದು, ಎಡಗಡೆ ಕುಸಿದು ಮೂತಿ ಮಣ್ಣಿಗೆ ಬಡಿಯಿತು. ಎರಡನೇ ಜೊತೆಗೆ ಇಎನ್47 ಎಂಬ ಸ್ಪ್ರಿಂಗ್ ಉಕ್ಕು ತಂದೆ, ಮೂಲೆಯನ್ನು ಉದ್ದಕ್ಕೆ ಇಳಿಜಾರು ಮಾಡಿಸಿದೆ. ಅದೂ ಒಂದು ಮುರಿಯಿತು, ಈ ಸಲ ನಡುವಲ್ಲಿ. ಮುರಿದ ಮುಖ ಹಗ್ಗ ಹೊಸೆದಂತೆ ಓರೆಯಾಗಿ ಸುತ್ತಿತ್ತು. ಶುರುವಾದ ಜಾಗ ಹುಡುಕಿದರೆ ವೈಸಿನ ಹಲ್ಲಿನ ಗುರುತು! ಶೆಡ್ಡಿನ ಹುಡುಗ ಬಟ್ಟೆ ಸುತ್ತದೆ ಹಿಡಿದಿದ್ದ. ಉಗುರಿನಷ್ಟು ಗೀರು ಸಾಕು, ಈ ಬಾರಿಗೆ ಅದೇ ಸಾವು. ಈಗ ಪಾಲಿಶ್ ಮಾಡಿ, ಬಣ್ಣ ಹೊಡೆದು, ಮೇಲೆ ರಬ್ಬರ್ ಹೋಸ್ ತೊಡಿಸಿಯೇ ಇಡುತ್ತೇನೆ.

ಮೂರನೇ ಜೊತೆಯೇ ಈಗ ಓಡುತ್ತಿರುವುದು. ಪೀಣ್ಯಕ್ಕೆ ಕಳಿಸಿ ಹೀಟ್ ಟ್ರೀಟ್‌ಮೆಂಟ್ ಮಾಡಿಸಿದೆ. ಬಂದ ಮೇಲೆ ಒಂದು ತುದಿ ಬಿಗಿದು, ಇನ್ನೊಂದು ತುದಿಗೆ ಆರಡಿ ಪೈಪ್ ಹಾಕಿ ಇಬ್ಬರು ಜೋತುಬಿದ್ದು ಗಾಡಿಯಲ್ಲಿ ತಿರುಗುವ ದಿಕ್ಕಿಗೇ ತಿರುಚಿದೆವು. ಬಿಟ್ಟಾಗ ಪೂರ್ತಿ ವಾಪಸ್ ಬರಬಾರದು, ಸ್ವಲ್ಪ ಕೂರಬೇಕು. ಎಷ್ಟು ಡಿಗ್ರಿ, ಎಷ್ಟು ಸಲ ಅನ್ನುವುದು ನನ್ನ ಹತ್ತಿರವೇ ಇರಲಿ. ಇಷ್ಟಾದ ಮೇಲೆ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಬದಲಾದರೆ ಮಾಡಿದ್ದೆಲ್ಲಾ ಹಾಳು. ತುದಿಯಲ್ಲಿ ಪಂಚ್ ಹೊಡೆದಿಡಿ.

ಲೆಕ್ಕ ನೆನಪಿದ್ದಷ್ಟು: ಬಾರಿನ ದುಡಿಯುವ ಉದ್ದ 900 ಮಿ.ಮೀ., ಆರ್ಮ್ 300. 20ರ ಬಾರಿಗೆ ಗಾಲಿ ಒಂದಿಂಚು ಏರಲು 40 ಕೆ.ಜಿ. ಬೇಕು. ಸುಮ್ನೆ ನೋಡೋಣ ಅಂತ ಮಾಡಿಸಿದ 22ಕ್ಕೆ 58. ಎರಡೇ ಮಿ.ಮೀ. ಜಾಸ್ತಿ, ಬಿಗಿ ಒಂದೂವರೆ ಪಟ್ಟು. ಉಬ್ಬಿನ ಮೇಲೆ ಹಲ್ಲು ಕಡಕಡ ಅಂತಿತ್ತು, ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತಿತ್ತು. 18 ಮೆತ್ತಗಾಯಿತು, ಬ್ರೇಕ್ ಹಿಡಿದರೆ ಮೂತಿ ಇಳಿದುಬಿಡುತ್ತಿತ್ತು. ನಡುವೆ ಒಂದು ತಿಂಗಳು ಬಾರುಗಳನ್ನು ಅಡ್ಡಕ್ಕೆ ಮಲಗಿಸಿಯೂ ನೋಡಿದೆ. ಒಂದರ ಹಿಂದೆ ಒಂದು ಇಡಬೇಕು, ಹಾಗಾಗಿ ಎಡ ಬಲದ ವೀಲ್‌ಬೇಸ್ (ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಇರುವ ಅಂತರ) ಬೇರೆ ಬೇರೆ. ಫ್ರಾನ್ಸಿನ ರೆನೊ 4 ಕಾರುಗಳು, ಹಿಂದಿನ ಗಾಲಿಗೆ ಹಾಗೇ ಇಟ್ಟುಕೊಂಡು, ಲಕ್ಷಗಟ್ಟಲೆ ಓಡಿವೆ. ಆದರೆ ನನ್ನ ಗಾಡಿಯಲ್ಲಿ ಪೆಡಲಿಗೆ ಜಾಗ ಉಳಿಯಲಿಲ್ಲ, ಬಿಟ್ಟೆ.

ಡ್ಯಾಂಪರ್ ಬೇರೆ ಇರುವುದೇ ದೊಡ್ಡ ಉಳಿತಾಯ. ಮಾರುತಿ ಆಮ್ನಿಯ ಹಿಂದಿನ ಶಾಕ್ ಅಬ್ಸಾರ್ಬರ್ ಒಂದು ಜೊತೆ ಸಾವಿರದೈನೂರರ ಒಳಗೆ ಸಿಕ್ಕಿತು. ಸೋರಿದರೆ ಹೊಲದಲ್ಲೇ ಕಾಲು ಗಂಟೆಯಲ್ಲಿ ಬದಲು, ಸ್ಪ್ರಿಂಗ್ ಮುಟ್ಟುವುದೇ ಬೇಡ. ಒಂದು ಜೊತೆ ಬಾರಿಗೆ ರಾಡು ಎರಡೂವರೆ, ಲೇಥ್ ಮತ್ತು ಮಿಲ್ಲಿಂಗ್ ಐದು, ಪೀಣ್ಯದ್ದು ಆರು, ಹೀಗೆ ಹದಿಮೂರು ಹದಿನಾಲ್ಕು ಸಾವಿರ. ಮುರಿದವು, ಬಿಗಿ ಮೆತ್ತಗಿನವು ಎಲ್ಲಾ ಸೇರಿ ಅರವತ್ತು ದಾಟಿದೆ. ಈಗ ಯಾರಾದರೂ ನೇರ ಮಾಡಿಸಿದರೆ ಬ್ರಾಕೆಟ್ ಸಮೇತ ಇಪ್ಪತ್ತರಲ್ಲಿ ಮುಗಿಯುತ್ತದೆ.

ಕಾಯಿಲ್‌ಓವರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಗಾಡಿಯ ಹಿಂಭಾಗದಲ್ಲಿ ಎಸ್ಟೀಮಿನ ಸ್ಟ್ರಟ್ಟೇ (ಶಾಕ್, ಸುರುಳಿ ಸ್ಪ್ರಿಂಗ್ ಒಂದಾದದ್ದು) ಇದೆ. ಅಲ್ಲಿ ಎತ್ತರ ಇದೆ, ಎಂಜಿನ್ ಸುತ್ತ ಪೈಪ್ ದಟ್ಟ ಇದೆ, ಬಾರಿಗೆ ಉದ್ದ ಸಿಗುವುದಿಲ್ಲ. ಡಾಂಬರ್ ಟ್ರ್ಯಾಕಿನಲ್ಲಿ ದಿನಕ್ಕೆರಡು ಸಲ ಸ್ಪ್ರಿಂಗ್ ಬದಲಿಸುವವರಿಗೂ ಅದೇ ಸರಿ. ಬಾರಿನಲ್ಲಿ ಎತ್ತರ ಬದಲಿಸಲು ಒಂದು ಸ್ಪ್ಯಾನರ್ ಸಾಕು, ಬಿಗಿ ಬದಲಿಸಲು ಮಾತ್ರ ಹರಿಹರಕ್ಕೆ ಹೋಗಬೇಕು.

ಹಾಕುವ ಮೊದಲು ಪ್ರತಿ ಬಾರಿಗೂ ಬಣ್ಣದ ಮೇಲೆ ತುದಿಯಿಂದ ತುದಿಗೆ ಒಂದು ನೇರ ಬಿಳಿ ಗೆರೆ ಎಳೆದಿದ್ದೇನೆ. ಬಾರ್ ಸೋತು ತಿರುಚಿ ಕೂತರೆ ಗೆರೆ ಓರೆ ಆಗುತ್ತದೆ. ಭಾನುವಾರ ರಾತ್ರಿ ಎರಡನ್ನೂ ಹೊರಗೆಳೆದು ಹೋಸ್ ಸರಿಸಿ ನೋಡಿದೆ. ಗೆರೆ ನೇರವಾಗಿಯೇ ಇತ್ತು.