ಡಿಕ್ಕಿಯಲ್ಲಿ ಹಲಸು, ಅದರಡಿ ಸ್ಟೆಪ್ನಿ

ತಂಗಿಯನ್ನು ಬೆಳಗಾವಿಗೆ ಕೊಟ್ಟು ಒಂಬತ್ತು ವರ್ಷವಾಯಿತು. ತುಮಕೂರಿನಿಂದ ಸುಮಾರು 430 ಕಿಲೋಮೀಟರ್. ಬೋರ್ಡಿನಲ್ಲಿ ಎನ್‌ಎಚ್ 48 ಅಂತ ಇದ್ದರೂ ನಮ್ಮ ಬಾಯಲ್ಲಿ ಅದಿನ್ನೂ ಎನ್‌ಎಚ್ 4. ಒಬ್ಬನೇ ಹೋದರೆ ಏಳು ಗಂಟೆಯ ದಾರಿ. ಅಮ್ಮ ಇದ್ದರೆ ಹತ್ತು.

ಅಮ್ಮನ ಮಂಡಿ ಒಂದೂವರೆ ಗಂಟೆಗಿಂತ ಹೆಚ್ಚು ಮಡಚಿಕೊಂಡು ಕೂರಲ್ಲ. ಮೊದಮೊದಲು ‘ಇನ್ನೊಂದು ಸ್ವಲ್ಪ ದೂರ, ಇನ್ನೊಂದು ಸ್ವಲ್ಪ ದೂರ’ ಅಂತ ಎಳೆದು, ಇಳಿಯುವಾಗ ಅವರು ಬಾಗಿಲು ಹಿಡಿದು ನಿಲ್ಲಲಾರದೆ ಒದ್ದಾಡಿದ್ದನ್ನು ನೋಡಿ ಬುದ್ಧಿ ಕಲಿತೆ. ಈಗ ಶಿರಾ ದಾಟಿ ಒಮ್ಮೆ, ಚಿತ್ರದುರ್ಗದ ಆಚೆ ಒಮ್ಮೆ, ಹರಿಹರದಲ್ಲಿ ತುಂಗಭದ್ರಾ ಸೇತುವೆ ಸಿಗೋ ಮುಂಚೆ ಒಮ್ಮೆ, ಹಾವೇರಿ, ಆಮೇಲೆ ಧಾರವಾಡ. ನಿಲ್ಲಿಸೋ ಜಾಗ ಆರಿಸುವುದು ಊಟ ನೋಡಿಕೊಂಡಲ್ಲ, ಕಮೋಡ್ ಇದೆಯಾ ಅಂತ ನೋಡಿಕೊಂಡು. ತಿಂಡಿ ಮನೆಯಿಂದಲೇ, ಚಪಾತಿ ಮತ್ತು ಕಾಯಿಚಟ್ನಿ. ನಮ್ಮೂರ ಹೆಮ್ಮೆಯ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬೆಂಗಳೂರಿನ ದಿಕ್ಕಿಗಿದೆ, ಏನು ಮಾಡೋಣ!

ಹೋದ ವರ್ಷ ಜೂನ್‌ನಲ್ಲಿ ಹೊರಟಾಗ ಡಿಕ್ಕಿಯಲ್ಲಿ ಚೇಳೂರು ಕಡೆಯ ಕೆಂಪು ತೊಳೆಯ ಎರಡು ಹಲಸು, ಮೂವತ್ತು ತೆಂಗಿನಕಾಯಿ. ನಮ್ಮದು ಹ್ಯಾಚ್‌ಬ್ಯಾಕ್, ಡಿಕ್ಕಿಗೂ ಸೀಟಿಗೂ ಮಧ್ಯೆ ಗೋಡೆಯಿಲ್ಲ. ಹಣ್ಣಾದದ್ದು ಇಟ್ಟರೆ ಹಿರಿಯೂರು ಬರುವಷ್ಟರಲ್ಲಿ ಎಸಿಯಿಂದಲೂ ಹಲಸಿನ ವಾಸನೆಯೇ. ಅದಕ್ಕೇ ಬಲಿತ ಕಾಯಿಯನ್ನೇ ಒಯ್ಯಬೇಕು. ಬೆರಳಲ್ಲಿ ಬಡಿದರೆ ಟಣ್ ಅಂದರೆ ಎಳಸು, ಡೊಬ್ ಅಂದರೆ ಬಲಿತಿದೆ. ತೊಟ್ಟಿಗೆ ಪ್ಲಾಸ್ಟಿಕ್ ಸುತ್ತಿ ಗೋಣಿಯಲ್ಲಿ ಕಟ್ಟಿದೆ. ಹಿಂದೊಮ್ಮೆ ಕಟ್ಟದೆ ಬಿಟ್ಟಿದ್ದಕ್ಕೆ ಮ್ಯಾಟ್ ಮೇಲೆ ಇಳಿದ ಮೇಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ದಿನ ಉಜ್ಜಿದ್ದೆ.

ಹಿಂದಿನ ರಾತ್ರಿ ನಾಲ್ಕೂ ಟೈರಿಗೆ ಗಾಳಿ ನೋಡಿಸಿದೆ, ಫಾಸ್ಟ್ಯಾಗ್‌ಗೆ ದುಡ್ಡು ಹಾಕಿದೆ. ಐದನೇ ಟೈರು ಒಂದಿದೆ ಅನ್ನೋದು ಮಾತ್ರ ತಲೆಗೆ ಬರಲಿಲ್ಲ.

ರಾಣೆಬೆನ್ನೂರು ದಾಟಿದ ಮೇಲೆ ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತು. ಪಕ್ಕಕ್ಕೆ ಹಾಕಿ, ಐವತ್ತು ಹೆಜ್ಜೆ ಹಿಂದಕ್ಕೆ ನಡೆದು ಕೆಂಪು ತ್ರಿಕೋನ ಇಟ್ಟು ಬಂದೆ. ಅಮ್ಮನನ್ನು ಮರದ ನೆರಳಲ್ಲಿ ಮಡಚೋ ಕುರ್ಚಿ ಹಾಕಿ ಕೂರಿಸಿದೆ. ಸ್ಟೆಪ್ನಿ ಇರೋದು ಡಿಕ್ಕಿಯ ತಳದಲ್ಲಿ. ತೆಂಗಿನಕಾಯಿ, ಬ್ಯಾಗು, ಉಪ್ಪಿನಕಾಯಿ ಜಾಡಿ, ಕೊನೆಗೆ ಹಲಸು, ಎಲ್ಲಾ ಅಮ್ಮನ ಮುಂದೆ ಸಾಲಾಗಿ ಇಳಿಸಿದೆ. ನಟ್ಟು ಬಿಚ್ಚಿ ಸ್ಟೆಪ್ನಿ ಹಾಕಿ ಜಾಕ್ ಇಳಿಸಿದರೆ, ಅದೂ ಮೆಲ್ಲಗೆ ಕುಸಿದು ಕೂತಿತು. ವರ್ಷದ ಮೇಲಾಗಿತ್ತು ಅದಕ್ಕೆ ಗಾಳಿ ಕಂಡು.

ಅಷ್ಟರಲ್ಲಿ ಬೈಕೊಂದು ನಿಂತಿತು. ಹುಡುಗ ನನ್ನ ಕಡೆ ನೋಡಲೇ ಇಲ್ಲ, ಅಮ್ಮನನ್ನು ಕೇಳಿದ: “ಹಣ್ಣ ಹೆಂಗ ಕೊಟ್ರಿ ಅವ್ವಾರ?”

“ಮಾರೋಕಲ್ಲಪ್ಪ, ಮಗಳ ಮನೆಗೆ.”

ಆಮೇಲೆ ಅವನ ಕಣ್ಣು ಟೈರಿನ ಮೇಲೆ ಬಿತ್ತು. ನಕ್ಕ. “ಗಾಲಿ ಹಿಡ್ಕೊಂಡು ಹಿಂದ ಕುಂದರ್ರಿ ಅಣ್ಣಾರ.” ಪಂಕ್ಚರಾದ ಚಕ್ರವನ್ನು ಮಗುವಿನ ಹಾಗೆ ತಬ್ಬಿಕೊಂಡು ಎರಡು ಕಿಲೋಮೀಟರ್ ಹೋದೆ, ಮೊಳೆ ತೆಗೆಸಿ ಪ್ಯಾಚ್ ಹಾಕಿಸಿಕೊಂಡು ಹಾಗೇ ತಬ್ಬಿಕೊಂಡು ಬಂದೆ. ಹುಡುಗ ದುಡ್ಡು ಮುಟ್ಟಲಿಲ್ಲ. ಅಮ್ಮ ದೊಡ್ಡ ಹಲಸನ್ನೇ ಅವನ ಬೈಕಿಗೆ ಕಟ್ಟಿಸಿದರು. ಕೊಯ್ಯೋ ಮುಂಚೆ ಕೈಗೂ ಚಾಕುಗೂ ಎಣ್ಣೆ ಸವರಿಕೋ ಅಂತ ಎರಡು ಸಲ ಹೇಳಿದರು.

ಈಗ ಸ್ಟೆಪ್ನಿಗೆ ಮಿಕ್ಕ ಟೈರಿಗಿಂತ ಮೂರ್ನಾಲ್ಕು ಪಾಯಿಂಟ್ ಹೆಚ್ಚೇ ಗಾಳಿ ತುಂಬಿಸ್ತೀನಿ, ಇಟ್ಟಲ್ಲೇ ಇಳಿಯುತ್ತಲ್ಲ. ಜಾಕು, ಪಾನಾ ಹಿಂದಿನ ಸೀಟಿನ ಕಾಲಬುಡಕ್ಕೆ ಬಂದಿವೆ. ಟೈರಿಗೆ ಗಾಳಿ ತುಂಬೋ ಪುಟ್ಟ ಪಂಪ್ ಒಂದನ್ನೂ ತಗೊಂಡೆ, ಕಾರಿನ ಚಾರ್ಜರ್ ತೂತಿಗೇ ಚುಚ್ಚಬಹುದು.

ಬೆಳಗಾವಿ ಸೇರುವಾಗ ದೀಪ ಹಚ್ಚೋ ಹೊತ್ತು. ತಂಗಿ ಡಿಕ್ಕಿ ತೆರೆದು ಎಣಿಸಿದಳು. “ಎರಡು ತರ್ತೀವಿ ಅಂದಿದ್ರಿ, ಇನ್ನೊಂದೆಲ್ಲಮ್ಮ?”

“ನಿಮ್ಮಣ್ಣನ ಟೈರಿಗೆ ಹೋಯ್ತು ಕಣೇ,” ಅಂದರು ಅಮ್ಮ, ಮಂಡಿ ನೀವಿಕೊಳ್ಳುತ್ತಾ.