ಉತ್ತರಲಾಯಿಯಲ್ಲಿ ಮಾರುತ್‌ಗೆ ಗುಂಡು ತುಂಬುತ್ತಿದ್ದದ್ದು ಹೀಗೆ

1971ರ ಯುದ್ಧದಲ್ಲಿ ನಾನು ವಾಯುಸೇನೆಯ 10ನೇ ಸ್ಕ್ವಾಡ್ರನ್‌ನಲ್ಲಿ ಆರ್ಮಮೆಂಟ್ ಫಿಟ್ಟರ್, ಅಂದರೆ ವಿಮಾನಕ್ಕೆ ಗುಂಡು, ಬಾಂಬ್, ರಾಕೆಟ್ ಜೋಡಿಸುವವನು. ರಾಜಸ್ಥಾನದ ಬಾಡಮೇರ್ ಹತ್ತಿರದ ಉತ್ತರಲಾಯಿ ನಮ್ಮ ನೆಲೆ. ನಮ್ಮ ವಿಮಾನ ಎಚ್‌ಎಫ್-24 ಮಾರುತ್, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದದ್ದು. ಯುದ್ಧ ಅಂದರೆ ಎಲ್ಲರೂ ಪೈಲಟ್‌ಗಳ ಕಥೆ ಕೇಳುತ್ತಾರೆ. ಕೇಳಲೇಬೇಕು. ಆದರೆ ಇಳಿದ ವಿಮಾನ ಮತ್ತೆ ಎಷ್ಟು ಬೇಗ ಏರುತ್ತದೆ ಅನ್ನುವುದು ನೆಲದ ಮೇಲಿನವರ ಕೈಯಲ್ಲಿತ್ತು.

ಕತ್ತಲಿರುವಾಗಲೇ ಕೆಲಸ ಶುರು. ಬ್ಲ್ಯಾಕೌಟ್ ಇದ್ದದ್ದರಿಂದ ಟಾರ್ಚ್‌ಗೂ ಬಟ್ಟೆ ಸುತ್ತಿಕೊಳ್ಳುತ್ತಿದ್ದೆವು. ಡಿಸೆಂಬರ್‌ನ ಮರುಭೂಮಿ ಚಳಿಗೆ ಬೆರಳು ಮರಗಟ್ಟುತ್ತಿತ್ತು. ಎಂಜಿನ್, ಏರ್‌ಫ್ರೇಮ್, ಎಲೆಕ್ಟ್ರಿಕಲ್, ಒಬ್ಬೊಬ್ಬರೂ ತಮ್ಮ ಭಾಗ ನೋಡಿ ಫಾರ್ಮ್ 700ಕ್ಕೆ, ಅಂದರೆ ವಿಮಾನದ ತಪಾಸಣೆ ದಾಖಲೆಗೆ, ಸಹಿ ಹಾಕಬೇಕು. ಕೊನೆಗೆ ಪೈಲಟ್ ಸಹಿ. ಯುದ್ಧ ಅಂತ ಅದಕ್ಕೆ ವಿನಾಯಿತಿ ಇರಲಿಲ್ಲ.

ಮಾರುತ್ ಮೂತಿಯಲ್ಲಿ ನಾಲ್ಕು 30 ಮಿಲಿಮೀಟರ್ ಏಡನ್ ಗನ್. ಈ ಗುಂಡು ಸಿಡಿಯುವುದು ಕರೆಂಟಿನಿಂದ, ರಾಕೆಟ್ಟೂ ಹಾಗೆಯೇ. ಅದಕ್ಕೇ ನಮಗೆ ಜಾಸ್ತಿ ಭಯ ಇದ್ದದ್ದು ದಾರಿತಪ್ಪಿ ಬರುವ ಕರೆಂಟಿನದು. ಕಾಕ್‌ಪಿಟ್ ಸ್ವಿಚ್ ಎಲ್ಲಾ ಆಫ್ ಇವೆಯೇ ನೋಡಬೇಕು. ಮೂತಿಯ ಮುಂದೆ, ರಾಕೆಟ್ ಹಿಂದೆ ಯಾರೂ ನಿಲ್ಲಬಾರದು. ಆಮೇಲೆ ಮೀಟರ್ ಹಿಡಿದು ಸಾಕೆಟ್‌ನಲ್ಲಿ ವೋಲ್ಟೇಜ್ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ರಾಕೆಟ್‌ನ ವೈರ್ ಚುಚ್ಚುವುದು. ಎಷ್ಟೇ ಅವಸರ ಇರಲಿ, ಈ ಒಂದು ಹೆಜ್ಜೆಯನ್ನು ನಾವು ಯಾರೂ ಬಿಟ್ಟವರಲ್ಲ.

ಮರಳಿನ ಕಾಟ ಬೇರೆ. ಗುಂಡಿನ ಬೆಲ್ಟನ್ನು ಟಾರ್ಪಾಲಿನ್ ಮೇಲೆ ಹಾಸಿ, ಒಣ ಬಟ್ಟೆಯಲ್ಲಿ ಒಂದೊಂದೇ ಗುಂಡು ಒರೆಸುತ್ತಿದ್ದೆವು. ಎಣ್ಣೆ ಸ್ವಲ್ಪ ಜಾಸ್ತಿಯಾದರೂ ಮರಳು ಅಂಟಿಕೊಳ್ಳುತ್ತದೆ, ಗನ್ ಜಾಮ್ ಆಗುತ್ತದೆ. ಗುಂಡುಗಳನ್ನು ಒಂದಕ್ಕೊಂದು ಜೋಡಿಸುವ ಲಿಂಕ್ ಸೊಟ್ಟಗಿದೆಯೋ ನೆಟ್ಟಗಿದೆಯೋ ಬೆರಳಿಗೇ ಗೊತ್ತಾಗಬೇಕು. ಹಾಗಾಗಿ ಗ್ಲೌಸ್ ಹಾಕುವಂತಿರಲಿಲ್ಲ.

ಎಲ್ಲಕ್ಕಿಂತ ಬೇಜಾರು ಅಂದರೆ 1000 ಪೌಂಡ್ ಬಾಂಬ್ ಏರಿಸಿ ಮುಗಿಸಿದ ಮೇಲೆ ಗುರಿ ಬದಲಾಯಿತು ಅಂತ ಫೋನ್ ಬರುವುದು. ರೈಲಿಗೋ ಟ್ಯಾಂಕಿಗೋ ಹೋಗಬೇಕಾದರೆ ರಾಕೆಟ್ ಬೇಕು. ಸರಿ, ಬಾಂಬ್ ಇಳಿಸು, ಮೊದಲಿಂದ ಶುರು ಮಾಡು. ಅಷ್ಟರಲ್ಲಿ ಸೈರನ್ ಕೂಗಿದರೆ ಪಕ್ಕದ ಕಂದಕಕ್ಕೆ ಹಾರಬೇಕು.

ಹೊರಡುವ ಮುಂಚೆ ಕೆಂಪು ಪಟ್ಟಿಯ ಸೇಫ್ಟಿ ಪಿನ್‌ಗಳನ್ನೆಲ್ಲ ಕಿತ್ತು, ಪೈಲಟ್‌ಗೆ ಕಾಣುವ ಹಾಗೆ ಎತ್ತಿ ಹಿಡಿಯುತ್ತಿದ್ದೆವು. ಅವರು ನೋಡಿ ಹೆಬ್ಬೆಟ್ಟು ತೋರಿಸಿದರೆ ಸರಿ. ವಾಪಸ್ ಬಂದಾಗ ಮೊದಲು ಪಿನ್ ಹಾಕುವುದು, ಆಮೇಲೆ ಉಳಿದದ್ದು. ಮಾರುತ್‌ಗೆ ಎರಡು ಎಂಜಿನ್. ಪೆಟ್ಟು ತಿಂದು ಒಂದೇ ಎಂಜಿನ್‌ನಲ್ಲಿ ಮನೆ ಸೇರಿದ ಮಾರುತ್‌ಗಳೂ ಇವೆ. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಡಿಸೆಂಬರ್ 17ರ ರಾತ್ರಿ 8ಕ್ಕೆ ಪಶ್ಚಿಮದಲ್ಲಿ ಕದನ ವಿರಾಮ. ಗುಂಡು ತುಂಬಿ ನಿಂತಿದ್ದ ವಿಮಾನಗಳನ್ನು ಹಾಗೇ ಬಿಡುವ ಹಾಗಿಲ್ಲ ಅಲ್ವಾ? ಹಿಂದಿನ ಕ್ರಮದಲ್ಲೇ ಸ್ವಿಚ್, ಪಿನ್ ನೋಡಿಕೊಂಡು, ಗುಂಡುಗಳನ್ನು ಇಳಿಸಿ, ಎಣಿಸಿ, 700ರಲ್ಲಿ ಬರೆದು ಸಹಿ ಹಾಕಿದೆವು.